ಅಮೆರಿಕ ಗೊತ್ತು, ವಾರ್ಡ್ ಗೊತ್ತಿಲ್ಲ

ಓದುಗರ ಪ್ರಶ್ನೆ, ಟೀಚರ್ ಉತ್ತರ

ಕಳೆದ ಸಂಚಿಕೆಯಲ್ಲಿ ಒಬ್ಬರು, "ನಮ್ಮ ಜನಕ್ಕೆ ರಾಜಕೀಯದ ಗಂಧಗಾಳಿಯೇ ಇಲ್ಲವಲ್ಲ, ಏಕೆ?" ಎಂದು ಕೇಳಿದ್ದರು. ನಾನು ಎರಡು ಸಾಲು ಬರೆದು, "ನೀವೆಲ್ಲ ಏನಂತೀರಿ?" ಎಂದು ಬಿಟ್ಟಿದ್ದೆ. ಪತ್ರಗಳ ರಾಶಿಯೇ ಬಂತು. ಅಡುಗೆ, ಸೊಸೆ, ಮಂಡಿನೋವಿನ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ತಳ್ಳಿ, ಈ ಸಲ ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಬೆಂಗಳೂರಿನ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಎಲೆಕ್ಷನ್ ಡ್ಯೂಟಿ ಎಂದರೆ ಉಳಿದವರು ಡಾಕ್ಟರ್ ಸರ್ಟಿಫಿಕೇಟ್ ಹುಡುಕುತ್ತಿದ್ದರು, ನಾನು ಖುಷಿಯಿಂದ ಹೋಗುತ್ತಿದ್ದೆ. ಆದ್ದರಿಂದ ಉತ್ತರಗಳಲ್ಲಿ ಮತಗಟ್ಟೆಯ ಮಾತು ಸ್ವಲ್ಪ ಜಾಸ್ತಿ ಬರುತ್ತದೆ, ಸಹಿಸಿಕೊಳ್ಳಿ.

ಟೀಚರ್, ನಾನು ನ್ಯೂಸ್ ನೋಡುವುದನ್ನೇ ಬಿಟ್ಟಿದ್ದೇನೆ. ನೆಮ್ಮದಿಯಾಗಿದ್ದೇನೆ. ರಾಜಕೀಯದಿಂದ ನನ್ನ ಬದುಕಿಗೆ ಆಗುವುದೂ ಇಲ್ಲ, ಹೋಗುವುದೂ ಇಲ್ಲ. ಕೆಲಸ ಮಾಡ್ತೀನಿ, ಟ್ಯಾಕ್ಸ್ ಕಟ್ತೀನಿ. ಇದರಲ್ಲಿ ತಪ್ಪೇನು?
— ಸಾಫ್ಟ್‌ವೇರ್ ಉದ್ಯೋಗಿ, ಮಹದೇವಪುರ

ನ್ಯೂಸ್ ಬಿಟ್ಟಿದ್ದಕ್ಕೆ ನಾನು ಬೈಯುವುದಿಲ್ಲ. ಈಗಿನ ಚಾನೆಲ್ ನೋಡಿದರೆ ಬಿಪಿ ಮಾತ್ರೆ ಒಂದು ಜಾಸ್ತಿ ಬೇಕಾಗುತ್ತದೆ. ಆದರೆ "ಆಗುವುದೂ ಇಲ್ಲ, ಹೋಗುವುದೂ ಇಲ್ಲ" ಅಂದಿರಲ್ಲ, ಅಲ್ಲಿ ಸ್ವಲ್ಪ ನಿಲ್ಲಿ.

2024ರ ಮಾರ್ಚ್ ನೆನಪಿದೆಯಾ? ಬೋರ್‌ವೆಲ್‌ಗಳು ಬತ್ತಿ, ನಿಮ್ಮ ಕಡೆಯೆಲ್ಲ ಟ್ಯಾಂಕರ್‌ಗಾಗಿ ಪರದಾಟ. ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳಿದರು. ಆಮೇಲೆ ಜಿಲ್ಲಾಡಳಿತ ದರ ಗೊತ್ತು ಮಾಡಿತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ. ಆ ಆದೇಶ ತಡವಾಗಿ ಬಂದದ್ದೂ ರಾಜಕೀಯ, ಬಂದ ಮೇಲೆ ಎಷ್ಟು ಜನ ಪಾಲಿಸಿದರು ಎನ್ನುವುದೂ ರಾಜಕೀಯ.

ಇನ್ನೂ ಹಿಂದಕ್ಕೆ ಹೋಗೋಣ. ನಿಮ್ಮ ಮಹದೇವಪುರ 2007ರವರೆಗೆ ಬೇರೆಯೇ ನಗರಸಭೆ. ಆ ವರ್ಷ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಹಳೇ ಪಾಲಿಕೆಗೆ ಸೇರಿಸಿ ಬಿಬಿಎಂಪಿ ಮಾಡಿದರು. ಆ 110 ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ 17 ವರ್ಷ! ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತರುವ ನೀರು ಅದು. ಯಾವ ಬೀದಿಗೆ ಮೊದಲು ಪೈಪು, ಯಾವ ಬೀದಿಗೆ ಆಮೇಲೆ ಎಂದು ಯಾರೋ ಒಬ್ಬರು ಕೂತು ತೀರ್ಮಾನ ಮಾಡುತ್ತಾರೆ. ಅವರನ್ನು ಕೇಳುವವರು ಇದ್ದರೆ ಒಂದು ಥರ, ಇಲ್ಲದಿದ್ದರೆ ಇನ್ನೊಂದು ಥರ.

ನಿಮಗೆ ಇದ್ಯಾವುದೂ ತಟ್ಟಿಲ್ಲ. ಏಕೆಂದರೆ ತಟ್ಟದ ಹಾಗೆ ನೋಡಿಕೊಳ್ಳಲು ನೀವು ದುಡ್ಡು ಕೊಡುತ್ತಿದ್ದೀರಿ. ನೀರಿಗೆ ಟ್ಯಾಂಕರ್, ಕರೆಂಟಿಗೆ ಜನರೇಟರ್, ಮಕ್ಕಳಿಗೆ ಖಾಸಗಿ ಶಾಲೆ, ಜ್ವರಕ್ಕೆ ಇನ್ಶೂರೆನ್ಸ್, ಗೇಟಿಗೆ ಸೆಕ್ಯುರಿಟಿ. ಸರ್ಕಾರಕ್ಕೆ ಟ್ಯಾಕ್ಸ್ ಕಟ್ಟಿ, ಅದೇ ಸೌಕರ್ಯಕ್ಕೆ ಅಪಾರ್ಟ್‌ಮೆಂಟಿನವರಿಗೆ ಮೇಂಟೆನೆನ್ಸ್ ಕಟ್ಟುತ್ತೀರಿ. ಎರಡೆರಡು ಸಲ ಕಟ್ಟಿದವರಿಗೆ ಸಿಟ್ಟು ಬರಬೇಕಿತ್ತು. ನಿಮಗೆ ನೆಮ್ಮದಿ ಬಂದಿದೆ! ಬೆಂಗಳೂರಿನವರು ಸೋಮಾರಿಗಳು, ಅದಕ್ಕೇ ವೋಟು ಹಾಕುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಸರ್ಕಾರ ಕೊಡದಿದ್ದರೆ ಕೊಂಡುಕೊಂಡರಾಯಿತು ಎನ್ನುವ ಧೈರ್ಯ ಇರುವ ಮನೆಗಳಲ್ಲೇ ಈ ಉದಾಸೀನ ಜಾಸ್ತಿ.

ಮತಗಟ್ಟೆಯಲ್ಲಿ ಕೂತರೆ ಇದು ಕಣ್ಣಿಗೇ ಕಾಣುತ್ತದೆ. ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಿಂದ ಯಂತ್ರ, ಶಾಯಿ, ಅರಗು, ಕವರುಗಳನ್ನೆಲ್ಲ ಹೊತ್ತು ತಂದು, ಶಾಲೆಯ ಬೆಂಚು ಜೋಡಿಸಿಕೊಂಡು ಮಲಗುತ್ತಿದ್ದೆವು. ಬೆಳಗಿನ ಐದೂವರೆಗೆ ಏಜೆಂಟರ ಮುಂದೆ ಅಣಕು ಮತದಾನ. ಏಳಕ್ಕೆ ಬಾಗಿಲು ತೆರೆಯುವುದು. ಕೊಳೆಗೇರಿ ಪಕ್ಕದ ಮತಗಟ್ಟೆಯಾದರೆ ಆರೂವರೆಗೇ ಸಾಲು ನಿಂತಿರುತ್ತಿತ್ತು. ಮನೆಗೆಲಸದ ಹೆಂಗಸರು, ಗಾರ್ಮೆಂಟ್ಸ್ ಹುಡುಗಿಯರು, ಪೌರಕಾರ್ಮಿಕರು. ವೋಟು ಹಾಕಿ, ಬೆರಳಿನ ಶಾಯಿ ಆರುವ ಮೊದಲೇ ಕೆಲಸಕ್ಕೆ ಓಟ. ಅವರಿಗೆ ರೇಷನ್ ಕಾರ್ಡು, ವಿಧವಾ ಪಿಂಚಣಿ, ಮನೆಯ ಹಕ್ಕುಪತ್ರ, ಬೀದಿ ನಲ್ಲಿ, ಎಲ್ಲಕ್ಕೂ ಒಬ್ಬರ ಸಹಿ ಬೇಕು. ಆ ಸಹಿ ಹಾಕುವವರು ಯಾರು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಅದೇ ದೊಡ್ಡ ಲೇಔಟಿನ ಮತಗಟ್ಟೆಯಾದರೆ, ವಾಕಿಂಗ್ ಮುಗಿಸಿದ ಹಿರಿಯರು ಬಂದು ಹೋದ ಮೇಲೆ ನಾವೂ ಏಜೆಂಟರೂ ಮುಖ ಮುಖ ನೋಡಿಕೊಂಡು ಕೂರಬೇಕಿತ್ತು.

2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ಬಿದ್ದದ್ದು ಶೇಕಡ 53 ಚಿಲ್ಲರೆ. ಅದೇ ದಿನ ಮಂಡ್ಯದಲ್ಲಿ ಶೇಕಡ 81. ಶುಕ್ರವಾರ ಇಟ್ಟುಬಿಟ್ಟರು, ಮೂರು ದಿನ ರಜೆ ಸಿಕ್ಕಿತು, ಜನ ಊರು ಬಿಟ್ಟರು ಎಂದು ಕೆಲವರು ಗೊಣಗಿದರು. ಸರಿ, ಹಿಂದಿನ ವರ್ಷ ವಿಧಾನಸಭೆಗೆ ಬುಧವಾರವೇ ಇಟ್ಟಿದ್ದರಲ್ಲ? ಆಗಲೂ ನಗರದಲ್ಲಿ ಶೇಕಡ 54ರ ಆಸುಪಾಸು ಅಷ್ಟೇ. ಶಾಯಿ ತೋರಿಸಿದರೆ ದೋಸೆ ಫ್ರೀ ಎಂದ ಹೋಟೆಲಿನವರೂ ಇದ್ದರು. ದೋಸೆಗೇನೋ ಸಾಲು ಚೆನ್ನಾಗಿಯೇ ನಿಂತಿತ್ತು.

ನೀವು ಟಿವಿ ಹಾಕಬೇಡಿ, ಬಲವಂತವಿಲ್ಲ. ವಾರಕ್ಕೊಂದು ದಿನ ಪೇಪರಿನ ನಗರ ಪುಟ ಓದಿ. ಮಹದೇವಪುರದ ಹೆಸರು ಎಲ್ಲಿ ಬಂದಿದೆ ಅಂತ ಹುಡುಕಿದರೂ ಸಾಕು.

ನಮ್ಮ ಬೀದಿಯಲ್ಲಿ ಮೋರಿ ಕಟ್ಟಿಕೊಂಡಿದೆ. ಕಾರ್ಪೊರೇಟರ್‌ಗೆ ಹೇಳೋಣ ಎಂದರೆ ಅವರು ಯಾರು ಅಂತ ಬೀದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಎಂಥ ಜನ ನಾವು!
— ಗೃಹಿಣಿ, ವಿಜಯನಗರ

ಸುಮ್ನೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ ತಾಯಿ. ನಿಮಗೆ ಕಾರ್ಪೊರೇಟರ್ ಇಲ್ಲ, ಇಲ್ಲದವರ ಹೆಸರು ಗೊತ್ತಿರುವುದು ಹೇಗೆ?

ಬೆಂಗಳೂರಿನ ಪಾಲಿಕೆಗೆ ನಾವು ವೋಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಆಗ 198 ವಾರ್ಡ್. ಗೆದ್ದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ಆಡಳಿತಾಧಿಕಾರಿಗಳದ್ದೇ ಕಾರುಬಾರು. ವಾರ್ಡ್‌ಗಳ ಲೆಕ್ಕ ಮಾತ್ರ ನಿಂತಿಲ್ಲ. ಒಂದು ಸರ್ಕಾರ 243 ಎಂದಿತು, ಇನ್ನೊಂದು 225 ಎಂದಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಈಗ ವಾರ್ಡ್‌ಗಳು 369. ನಾನು ಈ ಉತ್ತರ ಬರೆಯುವ ಹೊತ್ತಿಗೆ ಐದರಲ್ಲಿ ಒಂದು ಪಾಲಿಕೆಗೂ ಚುನಾವಣೆ ನಡೆದಿಲ್ಲ.

ಸಂವಿಧಾನದ 243-ಯು ವಿಧಿ ಏನು ಹೇಳುತ್ತದೆ ಗೊತ್ತಾ? ಪಾಲಿಕೆಯ ಐದು ವರ್ಷ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ಇದನ್ನು ನಾನು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ. 2006ರಲ್ಲಿ ಹಳೇ ಪಾಲಿಕೆಯ ಅವಧಿ ಮುಗಿದಾಗಲೂ ಹೀಗೇ ಆಗಿತ್ತು. ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಯಾವ ಪಕ್ಷದವರು ವಿಧಾನಸೌಧದಲ್ಲಿದ್ದರೂ ಈ ವಿಷಯದಲ್ಲಿ ಒಗ್ಗಟ್ಟು ಚೆನ್ನಾಗಿದೆ. ಶಾಸಕರಿಗೆ ಕಾರ್ಪೊರೇಟರ್ ಎಂದರೆ ನಾಳೆಯ ಪೈಪೋಟಿ ಅಲ್ವಾ?

ನನಗೆ ಸಂಕಟವಾಗುವುದು ಹುಡುಗರನ್ನು ನೋಡಿದಾಗ. 2015ರಲ್ಲಿ ಎಂಟನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ಸಂಬಳ ತೆಗೆದುಕೊಳ್ಳುತ್ತಿದ್ದಾರೆ. ಒಂದು ಸಲವೂ ಪಾಲಿಕೆಗೆ ವೋಟು ಹಾಕಿಲ್ಲ. ಕಾರ್ಪೊರೇಟರ್ ಏನು ಮಾಡುತ್ತಾರೆ ಎಂದು ಕೇಳಿದರೆ ಪಾಪ, ಎಲ್ಲಿಂದ ಹೇಳಿಯಾರು? ಜನಕ್ಕೆ ಆಸಕ್ತಿ ಇಲ್ಲ, ಅದಕ್ಕೇ ಚುನಾವಣೆ ಯಾರಿಗೂ ಬೇಕಾಗಿಲ್ಲ ಎಂದು ದೊಡ್ಡವರು ಹೇಳುವುದನ್ನು ಕೇಳಿದ್ದೇನೆ. ಊಟ ಹಾಕದೆ ಕೂರಿಸಿ, ನಿನಗೆ ಹಸಿವೇ ಇಲ್ಲ ಅಂದ ಹಾಗಾಯಿತು.

ಇನ್ನು ನಿಮ್ಮ ಮೋರಿ. ಅದು ಮಳೆನೀರಿನ ಚರಂಡಿಯೋ, ಒಳಚರಂಡಿಯೋ ಮೊದಲು ನೋಡಿ. ರಸ್ತೆ ಪಕ್ಕದ ಚರಂಡಿಯಾದರೆ ಪಾಲಿಕೆ, 1533ಕ್ಕೆ ಫೋನ್ ಮಾಡಿ. ಮ್ಯಾನ್‌ಹೋಲ್ ಉಕ್ಕುತ್ತಿದ್ದರೆ ಜಲಮಂಡಳಿ, 1916. ಇದನ್ನು ಅವರಿಗೆ ಹೇಳಿ, ಅದನ್ನು ಇವರಿಗೆ ಹೇಳಿ ವಾರಗಟ್ಟಲೆ ಕಳೆಯುವವರನ್ನು ನೋಡಿದ್ದೇನೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬಗೆಹರಿಯದಿದ್ದರೆ ಆ ನಂಬರ್ ಹಿಡಿದು ಇಡೀ ಬೀದಿಯ ಸಹಿ ಹಾಕಿಸಿ ವಾರ್ಡ್ ಎಂಜಿನಿಯರ್ ಹತ್ತಿರ ಹೋಗಿ. ಒಬ್ಬರೇ ಹೋಗಬೇಡಿ. ನಾಲ್ಕು ಜನ ಹೆಂಗಸರು ಹೋದರೆ ಕುರ್ಚಿ ತಾನಾಗಿ ಬರುತ್ತದೆ.

ಅಂದಹಾಗೆ, ನಿಮ್ಮ ಬೀದಿಯವರಿಗೆ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇಕಡ 5 ರಿಯಾಯಿತಿ ಎನ್ನುವುದು ಗೊತ್ತಿದೆಯೋ ಇಲ್ಲವೋ ಕೇಳಿ ನೋಡಿ. ಎಲ್ಲರಿಗೂ ಗೊತ್ತಿರುತ್ತದೆ. ನಮ್ಮ ಜನ ದಡ್ಡರಲ್ಲ.

ನನ್ನ ಒಂದು ವೋಟಿನಿಂದ ಏನಾಗುತ್ತೆ?
— ಡಿಗ್ರಿ ವಿದ್ಯಾರ್ಥಿ, ಜಯನಗರ

ಜಯನಗರದಲ್ಲಿ ಕೂತು ಇದನ್ನು ಕೇಳುತ್ತಿದ್ದೀಯಲ್ಲಪ್ಪ! 2023ರಲ್ಲಿ ನಿಮ್ಮ ಕ್ಷೇತ್ರದಲ್ಲಿ ಮರುಎಣಿಕೆಯ ಮೇಲೆ ಮರುಎಣಿಕೆ ಆಗಿ, ರಾತ್ರಿ ಘೋಷಿಸಿದ ಅಂತರ 16 ವೋಟು. ನಿಮ್ಮ ಕಾಂಪ್ಲೆಕ್ಸಿನ ಒಂದು ದರ್ಶಿನಿಯಲ್ಲಿ ಬೆಳಗ್ಗೆ ಅದಕ್ಕಿಂತ ಜಾಸ್ತಿ ಜನ ಕಾಫಿ ಕುಡಿಯುತ್ತಿರುತ್ತಾರೆ. ಅದೇ ಸಲ ಗಾಂಧಿನಗರದಲ್ಲಿ ಅಂತರ 105. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು, ಎ.ಆರ್. ಕೃಷ್ಣಮೂರ್ತಿ ಸೋತದ್ದು ಒಂದೇ ಒಂದು ವೋಟಿನಿಂದ. 40,752 ಮತ್ತು 40,751. ನಾನು ಇದನ್ನು ಹೇಳಿದಾಗಲೆಲ್ಲ ಕ್ಲಾಸಿನಲ್ಲಿ ಯಾರಾದರೊಬ್ಬರು, "ಮಿಸ್, ಅವರ ಮನೆಯವರೆಲ್ಲ ಹಾಕಿದ್ರಾ?" ಎಂದು ಕೇಳುತ್ತಿದ್ದರು.

ವೋಟರ್ ಕಾರ್ಡ್ ಇದೆ. ಹೋದ ಸಲ ಬೂತಿಗೆ ಹೋದರೆ ಪಟ್ಟಿಯಲ್ಲಿ ಹೆಸರೇ ಇಲ್ಲ ಎಂದರು. ಆಮೇಲೆ ನಾನು ಈ ಉಸಾಬರಿಯೇ ಬೇಡ ಎಂದು ಬಿಟ್ಟಿದ್ದೇನೆ.
— ಬಾಡಿಗೆದಾರ, ಮತ್ತೀಕೆರೆ

ನಿಮ್ಮಂಥವರನ್ನು ವಾಪಸ್ ಕಳಿಸುವುದು ನಮ್ಮ ಡ್ಯೂಟಿಯಲ್ಲಿ ಅತಿ ಬೇಜಾರಿನ ಕೆಲಸವಾಗಿತ್ತು. ಕಾರ್ಡ್ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಇಲ್ಲದಿದ್ದರೆ ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ತೋರಿಸಿಯಾದರೂ ವೋಟು ಹಾಕಬಹುದು. ಜನ ಇದನ್ನು ಉಲ್ಟಾ ತಿಳಿದುಕೊಂಡಿದ್ದಾರೆ.

ಬೆಂಗಳೂರಿನ ಬಾಡಿಗೆ ಕರಾರು 11 ತಿಂಗಳದ್ದು. ಮನೆ ಬದಲಾಯಿಸಿದಾಗ ಗ್ಯಾಸ್ ವಿಳಾಸ ಬದಲಾಯಿಸುತ್ತೀರಿ, ಬ್ಯಾಂಕ್ ವಿಳಾಸ ಬದಲಾಯಿಸುತ್ತೀರಿ, ಇದೊಂದು ಬಿಟ್ಟುಹೋಗುತ್ತದೆ. ಹೊಸ ಮನೆಗೆ ಬಂದಿದ್ದರೆ ನಮೂನೆ 8. ಹೆಸರು ಪೂರ್ತಿ ಹೊರಟೇ ಹೋಗಿದ್ದರೆ ನಮೂನೆ 6. ಚುನಾವಣಾ ಆಯೋಗದ ಆ್ಯಪ್‌ನಲ್ಲೇ ಆಗುತ್ತದೆ, ಗೊತ್ತಾಗದಿದ್ದರೆ 1950ಕ್ಕೆ ಫೋನ್ ಮಾಡಿ. ನಿಮ್ಮ ಬೂತಿಗೆ ಒಬ್ಬ ಬಿಎಲ್ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ಇರುತ್ತಾರೆ, ಸಾಮಾನ್ಯವಾಗಿ ಅಂಗನವಾಡಿ ಕಾರ್ಯಕರ್ತೆಯೋ ಶಾಲಾ ಶಿಕ್ಷಕರೋ. ಅವರು ಮನೆಗೆ ಬಂದಾಗ "ಏನೂ ಬೇಡ, ಹೋಗಿ" ಎಂದು ಸೇಲ್ಸ್‌ನವರನ್ನು ಕಳಿಸಿದ ಹಾಗೆ ಕಳಿಸಬೇಡಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ತಡವಾಗುತ್ತದೆ. ಈ ವಾರವೇ ನೋಡಿ.

ನನ್ನ ಮಾವನವರು ದಿನಾ ಬೆಳಗ್ಗೆ ಫ್ಯಾಮಿಲಿ ಗ್ರೂಪಿಗೆ ಹತ್ತಾರು ಸುದ್ದಿ ಕಳಿಸುತ್ತಾರೆ. ಅರ್ಧಕ್ಕರ್ಧ ಸುಳ್ಳು. ಹೇಳಿದರೆ "ನಾನು ಪೇಪರ್ ಓದಿ ಬೆಳೆದವನು, ನಿನಗೇನು ಗೊತ್ತು" ಅಂತಾರೆ. ಹೋಗಲಿ ಬಿಡು, ವಯಸ್ಸಾದವರು, ಯಾರಿಗೇನು ನಷ್ಟ ಎಂದು ನನ್ನ ಗಂಡ ಹೇಳುತ್ತಾರೆ. ಬಿಡಬಹುದಾ?
— ಸೊಸೆ, ಜೆ.ಪಿ. ನಗರ

ಎಲ್ಲವನ್ನೂ ಹಿಡಿಯಬೇಡಿ, ಎಲ್ಲವನ್ನೂ ಬಿಡಲೂ ಬೇಡಿ. 2016ರಲ್ಲಿ 2,000 ರೂಪಾಯಿ ನೋಟಿನಲ್ಲಿ ಚಿಪ್ ಇದೆ ಎಂದು ಸುದ್ದಿ ಹಬ್ಬಿತಲ್ಲ, ಅದರಿಂದ ಯಾರಿಗೂ ನಷ್ಟ ಆಗಲಿಲ್ಲ. ನಕ್ಕು ಬಿಟ್ಟೆವು. ಟಿವಿಯವರು ನಗದೆ ಹೇಳಿದರು, ಅದು ಬೇರೆ ಮಾತು.

ಆದರೆ ಇದೇ ಊರಿನಲ್ಲಿ ನಷ್ಟವಾದದ್ದೂ ಇದೆ. 2012ರಲ್ಲಿ ಅಸ್ಸಾಂನಲ್ಲಿ ಗಲಭೆಯಾಗಿ, ಆಗಸ್ಟ್‌ನಲ್ಲಿ, ರಂಜಾನ್ ಮುಗಿದ ಮೇಲೆ ಇಲ್ಲಿರುವ ಈಶಾನ್ಯದವರ ಮೇಲೆ ಹಲ್ಲೆ ಮಾಡುತ್ತಾರಂತೆ ಎಂದು ಎಸ್ಎಂಎಸ್ ಓಡಾಡಿತು. ಹೋಟೆಲಿನಲ್ಲಿ, ಬ್ಯೂಟಿ ಪಾರ್ಲರಿನಲ್ಲಿ, ಗೇಟುಗಳಲ್ಲಿ ಕೆಲಸಕ್ಕಿದ್ದ ಸಾವಿರಾರು ಹುಡುಗರು, ಹುಡುಗಿಯರು ಎರಡೇ ದಿನದಲ್ಲಿ ಗಂಟುಮೂಟೆ ಕಟ್ಟಿಕೊಂಡು ಸಿಟಿ ರೈಲ್ವೆ ಸ್ಟೇಷನ್‌ಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಮಂತ್ರಿಗಳು ಪ್ಲಾಟ್‌ಫಾರ್ಮಿಗೇ ಹೋಗಿ, ಹೆದರಬೇಡಿ ಎಂದು ಕೈಮುಗಿದರೂ ಯಾರೂ ನಿಲ್ಲಲಿಲ್ಲ. ಕೊನೆಗೆ ಒಂದೇ ಸಲಕ್ಕೆ ಐದು ಜನಕ್ಕಿಂತ ಹೆಚ್ಚು ಮಂದಿಗೆ ಎಸ್ಎಂಎಸ್ ಕಳಿಸದ ಹಾಗೆ ಕೇಂದ್ರ ಸರ್ಕಾರ ಎರಡು ವಾರ ತಡೆ ಹಾಕಿತು.

2018ರ ಮೇ ತಿಂಗಳಲ್ಲಿ ಅದಕ್ಕಿಂತ ಕೆಟ್ಟದ್ದಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾಟ್ಸಾಪ್‌ನಲ್ಲಿ ವಿಡಿಯೊಗಳು ಹರಿದಾಡುತ್ತಿದ್ದವು. ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಒಬ್ಬ ಯುವಕನನ್ನು ಜನ ಕಟ್ಟಿ ಹೊಡೆದು ಕೊಂದರು. ಹಾಡಹಗಲು, ಬೀದಿಯಲ್ಲಿ. ಆ ಬೀದಿಯಲ್ಲಿದ್ದವರೆಲ್ಲ ರಾಕ್ಷಸರೇನಲ್ಲ. ಬೆಳಗ್ಗೆ ಯಾರೋ ಪರಿಚಯದವರು, ನಿಮ್ಮ ಮಾವನವರ ಹಾಗೆ ಒಳ್ಳೆಯವರು, "ಜಾಗ್ರತೆ, ಎಲ್ಲರಿಗೂ ಕಳಿಸಿ" ಎಂದು ಕಳಿಸಿದ್ದನ್ನು ನಂಬಿದವರು. ಆ ಬೇಸಿಗೆಯಲ್ಲಿ ದೇಶದ ಬೇರೆ ಕಡೆಯೂ ಇಂಥವೇ ಕೊಲೆಗಳಾದ ಮೇಲೆ, ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಎಂದು ಮಿತಿ ಹಾಕಿದರು.

ಆದ್ದರಿಂದ ದೇವರ ಫೋಟೊ, ಶುಗರ್‌ಗೆ ಮನೆಮದ್ದು, ಹಳೇ ಚಿತ್ರಗೀತೆ ಬಿಡಿ. ಇಂಥ ಜಾತಿಯವರು, ಇಂಥ ಊರಿನವರು, ಇಂಥ ಧರ್ಮದವರು ಹೀಗೆ ಮಾಡಿದರಂತೆ ಎಂದು ಬಂದದ್ದನ್ನು ಬಿಡಬೇಡಿ. ಗ್ರೂಪಿನಲ್ಲಿ ಎಲ್ಲರ ಮುಂದೆ ತಪ್ಪು ತೋರಿಸಿದರೆ ಅವರು ಕೋಪ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲೇಬೇಕು, ಮಾವ ಅಲ್ವಾ? ಕಾಫಿ ಕೊಡುವಾಗ ಕೇಳಿ: "ಮಾವ, ಇದು ಯಾವ ಪೇಪರಿನಲ್ಲಿ ಬಂದಿತ್ತು? ನಾನೂ ಓದ್ತೀನಿ." ಪೇಪರ್ ಓದಿ ಬೆಳೆದವರಿಗೆ ಇದು ತಾಗುತ್ತದೆ. ಹುಡುಕಿ ತೋರಿಸಿದರೆ ಒಳ್ಳೆಯದು. ಸಿಗದಿದ್ದರೆ ಅವರೇ ಡಿಲೀಟ್ ಮಾಡುತ್ತಾರೆ, ನಿಮಗೆ ಹೇಳುವುದಿಲ್ಲ ಅಷ್ಟೇ.

ಟಿವಿ ಚರ್ಚೆ ನೋಡಿದರೆ ತಲೆನೋವು. ಏನು ಮಾಡಲಿ?
— ರಾಜಾಜಿನಗರ

ಆಫ್ ಮಾಡಿ. ತಲೆನೋವು ಹೋಗದಿದ್ದರೆ ಕನ್ನಡಕ ಪರೀಕ್ಷೆ ಮಾಡಿಸಿ.

ಎಲ್ಲರೂ ಕಳ್ಳರೇ. ನೋಟಾ ಒತ್ತಿದರೆ ಬುದ್ಧಿ ಬರುತ್ತದಾ?
— ಯಲಹಂಕ

ನೋಟಾ, ಅಂದರೆ ಇವರಲ್ಲಿ ಯಾರೂ ಬೇಡ ಎನ್ನುವ ಗುಂಡಿ, 2013ರಲ್ಲಿ ಬಂತು. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ನೋಟಾಗೆ ಎಲ್ಲರಿಗಿಂತ ಜಾಸ್ತಿ ಬಿದ್ದರೂ, ಅದರ ನಂತರ ಇರುವವರೇ ಗೆದ್ದ ಹಾಗೆ. ನಿಮ್ಮ ಸಿಟ್ಟು ದಾಖಲಾಗುತ್ತದೆ, ಅಷ್ಟೇ. ಮನೆಯಲ್ಲಿ ಮಲಗುವುದಕ್ಕಿಂತ ಮೇಲು. ಆದರೆ ಎಲ್ಲರೂ ಕಳ್ಳರೇ ಎನ್ನುವ ಮೊದಲು ಅಭ್ಯರ್ಥಿಗಳ ಪ್ರಮಾಣಪತ್ರ ಓದಿದ್ದೀರಾ? ತಮ್ಮ ಮೇಲಿರುವ ಕ್ರಿಮಿನಲ್ ಕೇಸು, ಆಸ್ತಿ, ಸಾಲ, ಓದು ಎಲ್ಲವನ್ನೂ ಅದರಲ್ಲಿ ಬರೆದುಕೊಡಬೇಕು. ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ ಮೇಲೆ ಬಂದದ್ದು ಇದು. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ವರನ ಬಗ್ಗೆ ಮೂರು ಊರು ವಿಚಾರಿಸುವ ನಾವು, ಇದೊಂದು ಕಾಗದ ತೆರೆದು ನೋಡುವುದಿಲ್ಲ.

ನಮ್ಮ ಮನೆ ಕೆಲಸದಾಕೆ ದುಡ್ಡು, ಸೀರೆ ತೆಗೆದುಕೊಂಡು ವೋಟು ಹಾಕುತ್ತಾಳೆ. ಏನೂ ತಿಳಿಯದ ಇಂಥವರ ವೋಟಿಗೂ ನನ್ನ ವೋಟಿಗೂ ಒಂದೇ ಬೆಲೆ ಎಂದ ಮೇಲೆ ನಾನೇಕೆ ಬಿಸಿಲಲ್ಲಿ ನಿಲ್ಲಬೇಕು?
— ಹೆಸರು ಬೇಡ, ಸದಾಶಿವನಗರ

ಬೆಲೆ ಒಂದೇ ಆಗಿರುವುದರಿಂದಲೇ ನಿಲ್ಲಬೇಕು ಮೇಡಂ. ನೀವು ನಿಲ್ಲದಿದ್ದರೆ ನಿಮ್ಮದು ಸೊನ್ನೆ, ಆಕೆಯದು ಒಂದು.

ವೋಟಿಗೆ ದುಡ್ಡು ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಕಾನೂನು ಇಬ್ಬರನ್ನೂ ಹಿಡಿಯುತ್ತದೆ. ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ತೆಗೆದುಕೊಂಡವರೆಲ್ಲ ಕೊಟ್ಟವರಿಗೇ ಹಾಕುತ್ತಾರೆ ಎಂದು ನಿಮಗೆ ಹೇಳಿದವರು ಯಾರು? ವೋಟು ಯಾರಿಗೆ ಬಿತ್ತು ಎಂದು ತೋರಿಸುವ ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ಕಾಣಿಸಿ ಒಳಗೆ ಬೀಳುತ್ತದೆ. ಆ ಏಳು ಸೆಕೆಂಡು ನೋಡುವವಳು ಆಕೆ ಒಬ್ಬಳೇ. ನಮ್ಮ ಶಾಲೆಯ ಆಯಾ ಒಬ್ಬರು ನನಗೆ ಹೇಳಿದ್ದರು: "ಮೂರೂ ಪಾರ್ಟಿಯವ್ರೂ ಕೊಟ್ರು ಟೀಚರ್. ಮೂವರಿಗೂ ಹಾಕಕ್ಕಾಗುತ್ತಾ? ನಮ್ ಬೀದಿಗೆ ಲೈಟ್ ಹಾಕ್ಸಿದ್ನಲ್ಲ, ಅವನಿಗೆ ಹಾಕ್ದೆ." ಇದಕ್ಕಿಂತ ತಿಳಿವಳಿಕೆಯ ಮಾತನ್ನು ನಾನು ಟಿವಿ ಚರ್ಚೆಯಲ್ಲಿ ಕೇಳಿಲ್ಲ. ಆಕೆಗೆ ರಾಜ್ಯಸಭೆ ಎಂದರೆ ಏನು ಅಂತ ಗೊತ್ತಿಲ್ಲ, ನಿಜ. ಬೀದಿ ದೀಪ ಯಾರು ಹಾಕಿಸಿದರು ಎನ್ನುವುದು ಗೊತ್ತು.

ಇನ್ನೊಂದು ಮಾತು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಚುನಾವಣೆ ಹತ್ತಿರ ಬಂದಾಗ ಲೇಔಟುಗಳಿಗೆ ಅಭ್ಯರ್ಥಿ ಬರುತ್ತಾರೆ. ಪಾರ್ಕಿಗೆ ಜಿಮ್ ಹಾಕಿಸಿಕೊಡುತ್ತೇನೆ, ಸಿಸಿಟಿವಿ ಹಾಕಿಸುತ್ತೇನೆ, ಸಂಘದ ಕಟ್ಟಡಕ್ಕೆ ಮಹಡಿ ಏರಿಸಿಕೊಡುತ್ತೇನೆ ಅಂತಾರೆ. ಸಂಘದವರು ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ಏನು ಹೆಸರಿಡೋಣ?

ದುಡ್ಡು ಹಂಚುವುದು ಕಣ್ಣಿಗೆ ಬಿದ್ದರೆ ಚುನಾವಣಾ ಆಯೋಗದ ಸಿ-ವಿಜಿಲ್‌ನಲ್ಲಿ ಫೋಟೊ ಹಾಕಿ. 100 ನಿಮಿಷದಲ್ಲಿ ಕ್ರಮ ಆಗಬೇಕು ಎಂಬ ನಿಯಮವಿದೆ, ನಿಮ್ಮ ಹೆಸರು ಹೇಳಬೇಕಾಗಿಲ್ಲ. ಮತ್ತೆ, ಮತದಾನದ ದಿನ ಆಕೆಗೆ ರಜೆ ಕೊಡುತ್ತೀರಾ? ಪತ್ರದಲ್ಲಿ ಅದನ್ನು ಬರೆದಿಲ್ಲ ನೀವು.

ಮಗ ಎಂಟನೇ ಕ್ಲಾಸು. ಯುರೋಪಿನ ಫುಟ್‌ಬಾಲ್ ಆಟಗಾರರ ಹೆಸರೆಲ್ಲ ಬಾಯಿಪಾಠ. ನಮ್ಮ ರಾಜ್ಯಪಾಲರು ಯಾರು ಎಂದರೆ ಬಾಯಿ ಬಿಡುತ್ತಾನೆ. ಹೇಗೆ ದಾರಿಗೆ ತರುವುದು?
— ಅಮ್ಮ, ಮಲ್ಲೇಶ್ವರ

ರಾಜ್ಯಪಾಲರ ಹೆಸರು ಗೊತ್ತಿಲ್ಲದಿದ್ದರೆ ಏನೂ ಮುಳುಗಿಹೋಗುವುದಿಲ್ಲ. ಕ್ವಿಜ್‌ನಲ್ಲಿ ಎರಡು ಅಂಕ ಹೋಗುತ್ತದೆ, ಅಷ್ಟೇ. ಹೆಸರು ಉರುಹೊಡೆದ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ರಾಜ್ಯಶಾಸ್ತ್ರದಲ್ಲಿ ಪೂರ್ತಿ ಅಂಕ ತೆಗೆದು, ಜನನ ಪ್ರಮಾಣಪತ್ರಕ್ಕೆ ಎಲ್ಲಿ ಹೋಗಬೇಕು ಎಂದು ನನ್ನನ್ನೇ ಕೇಳಲು ಬಂದವರಿದ್ದಾರೆ.

ನಮ್ಮ ಶಾಲೆಯಲ್ಲಿ ಪ್ರಾರ್ಥನೆ ಹೊತ್ತಿಗೆ ಒಂದು ಮಗು ಪೇಪರಿನ ತಲೆಬರಹ ಓದುವ ಪದ್ಧತಿ ಇತ್ತು. ಪ್ರಧಾನಿ ಎಲ್ಲಿಗೋ ಹೋದರು, ಕ್ರಿಕೆಟ್‌ನಲ್ಲಿ ಯಾರೋ ಗೆದ್ದರು, ಮುಗಿಯಿತು. ಉಳಿದವರು ಕಾಲು ಬದಲಿಸಿಕೊಂಡು ನಿಂತಿರುತ್ತಿದ್ದರು. ನಾನು ಒಂದು ನಿಯಮ ಮಾಡಿದೆ. ಒಂದು ಸುದ್ದಿ ಬೆಂಗಳೂರಿನದೇ ಆಗಿರಬೇಕು, ಅದರಿಂದ ಯಾರಿಗೆ ಏನಾಗುತ್ತದೆ ಎಂದು ಓದಿದವರೇ ಹೇಳಬೇಕು. ಒಂದು ದಿನ ಹುಡುಗನೊಬ್ಬ ಬಸ್ ಪಾಸ್ ಸುದ್ದಿ ಓದಿ, ಕ್ಲಾಸಿನಲ್ಲಿ ಪಾಸ್ ಇದ್ದವರ ತಲೆ ಎಣಿಸಿ ಲೆಕ್ಕ ಹೇಳಿದ. ಅವತ್ತು ಯಾರೂ ಕಾಲು ಬದಲಿಸಲಿಲ್ಲ.

ನಿಮ್ಮ ಮನೆಯಲ್ಲಿ ಆಸ್ತಿ ತೆರಿಗೆಯ ರಸೀದಿ ಇರುತ್ತದಲ್ಲ, ಅದನ್ನು ಮಗನ ಕೈಗೆ ಕೊಡಿ. ಎಲ್ಲೆಲ್ಲಿಗೆ ಎಷ್ಟು ಹೋಗುತ್ತದೆ, ಓದಲಿ. 2025ರಿಂದ ಕಸದ ಶುಲ್ಕವೂ ಅದರ ಜೊತೆಗೇ ಬರುತ್ತಿದೆ. ತೆರಿಗೆಯ ಮೇಲೆ ಶೇಕಡ 6 ಗ್ರಂಥಾಲಯ ಕರ ಎಂದು ನಾವೆಲ್ಲ ಕಟ್ಟುತ್ತೇವೆ. ಆಮೇಲೆ ಅವನನ್ನು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, "ಇದು ನಮ್ಮ ದುಡ್ಡಿನಿಂದ ನಡೆಯೋದು" ಎಂದು ಹೇಳಿ. ಬಂದ ಮೇಲೆ ಫುಟ್‌ಬಾಲ್ ನೋಡಲಿ, ಪಾಪ.

ಹೋರಾಟ, ಪ್ರತಿಭಟನೆ ಅಂತ ಬೀದಿಗಿಳಿದು ಬೆಂಗಳೂರಿನಲ್ಲಿ ಯಾರಾದರೂ ಏನನ್ನಾದರೂ ತಡೆದದ್ದಿದೆಯಾ?
— ಆಟೋ ಚಾಲಕ, ಹೆಬ್ಬಾಳ

ನಿಮ್ಮ ಹೆಬ್ಬಾಳದ ದಾರಿಯಲ್ಲೇ ಇದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಸೇತುವೆ, 1,791 ಕೋಟಿ ರೂಪಾಯಿ, 800ಕ್ಕೂ ಹೆಚ್ಚು ಮರಗಳಿಗೆ ಕೊಡಲಿ. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಆ ರಸ್ತೆಯ ಉದ್ದಕ್ಕೂ ಕೈ ಹಿಡಿದು ನಿಂತರು. ಹಸಿರು ನ್ಯಾಯಮಂಡಳಿಗೂ ಹೋದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅವತ್ತು ನಿಂತವರಲ್ಲಿ ಕನ್ನಡಕದ ಸಾಫ್ಟ್‌ವೇರ್‌ನವರೂ ಇದ್ದರು, ಪಿಂಚಣಿದಾರರೂ ಇದ್ದರು. ಬೆಂಗಳೂರಿನವರಿಗೆ ಬರುವುದೇ ಇಲ್ಲ ಎನ್ನುವಂತಿಲ್ಲ. ಭಾನುವಾರ ಆಗಿರಬೇಕು, ವಿಷಯ ದೊಡ್ಡದಾಗಿರಬೇಕು. ಅಲ್ಲಿ ನಿಂತ ಎಷ್ಟು ಜನ ತಮ್ಮ ವಾರ್ಡ್ ಸಮಿತಿ ಸಭೆಗೆ ಹೋಗಿದ್ದರು ಎನ್ನುವುದು ನನ್ನ ಕೆಟ್ಟ ಪ್ರಶ್ನೆ.

ಪ್ರತಿಭಟನೆ ಮಾಡುವವರನ್ನೆಲ್ಲ ಫ್ರೀಡಂ ಪಾರ್ಕಿಗೆ ಕಳಿಸುತ್ತಾರಲ್ಲ, ಆ ಹೆಸರು ಏಕೆ?
— ಪಿಯು ವಿದ್ಯಾರ್ಥಿನಿ, ಶೇಷಾದ್ರಿಪುರ

ಅದು ಹಳೇ ಸೆಂಟ್ರಲ್ ಜೈಲು. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಪಾರ್ಕ್ ಆಯಿತು. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅಲ್ಲೇ ಇದ್ದರು. ಅಡ್ವಾಣಿಯವರನ್ನು ಹಿಡಿದದ್ದೂ ಬೆಂಗಳೂರಿನಲ್ಲೇ. ನಿಮ್ಮ ಕಾಲೇಜಿನಿಂದ ನಡೆದುಹೋಗುವಷ್ಟು ದೂರ. ಹಳೇ ಸೆಲ್‌ಗಳು ಈಗಲೂ ಇವೆ, ಹೋಗಿ ನೋಡಿ. ಇನ್ನೊಂದು ಪ್ರಶ್ನೆ ಬಂದರೆ ಬರಿ.

ಟೀಚರ್, ನಾವು ಒಂದಷ್ಟು ನಿವೃತ್ತರು ದಿನಾ ಕೃಷ್ಣರಾವ್ ಪಾರ್ಕಿನಲ್ಲಿ ಸೇರುತ್ತೇವೆ. ಟ್ರಂಪ್ ಸುಂಕದಿಂದ ಹಿಡಿದು ಉಕ್ರೇನ್‌ವರೆಗೆ ಎಲ್ಲವನ್ನೂ ಚರ್ಚಿಸುತ್ತೇವೆ. ಜನಕ್ಕೆ ಏನೂ ಗೊತ್ತಿಲ್ಲ ಎನ್ನುವವರು ನಮ್ಮ ಕಟ್ಟೆಗೆ ಬಂದು ನೋಡಲಿ.
— ಹಿರಿಯರು, ಬಸವನಗುಡಿ

ಬಂದಿದ್ದೇನೆ ಸರ್. ನಿಮ್ಮ ಪಕ್ಕದ ಕಟ್ಟೆಯಲ್ಲಿ ಕೂತು ಕಡಲೆಕಾಯಿ ತಿಂದು ಹೋಗಿದ್ದೇನೆ. ಚರ್ಚೆ ಜೋರಾಗಿತ್ತು, ವಿಷಯವೂ ಗೊತ್ತಿತ್ತು. ಪುಟಿನ್‌ಗೆ ನೀವು ಕೊಟ್ಟ ಸಲಹೆ ಅವರಿಗೆ ತಲುಪಲಿಲ್ಲವಲ್ಲ ಎಂದು ಬೇಜಾರಾಯಿತು.

ನಿಮಗೊಂದು ಕೆಲಸ. ನೀವೆಲ್ಲ ಪದವೀಧರರು. ವಿಧಾನ ಪರಿಷತ್ತಿನಲ್ಲಿ ಬೆಂಗಳೂರು ಪದವೀಧರರ ಕ್ಷೇತ್ರ ಎಂದೇ ಒಂದಿದೆ. ಬೆಂಗಳೂರು ನಗರ, ಗ್ರಾಮಾಂತರ, ರಾಮನಗರದ ಕಡೆಯವರೆಲ್ಲ ಸೇರಿ ಆರು ವರ್ಷಕ್ಕೊಮ್ಮೆ ಆರಿಸುವುದು. ಕೊನೆಯ ಸಲ ನಡೆದದ್ದು 2024ರ ಜೂನ್‌ನಲ್ಲಿ. ಇದರ ಪಟ್ಟಿ ಪ್ರತಿ ಸಲ ಹೊಸದಾಗಿ ಆಗುತ್ತದೆ, ಹಳೇ ಪಟ್ಟಿಯಲ್ಲಿ ಹೆಸರಿತ್ತು ಎಂದರೆ ನಡೆಯುವುದಿಲ್ಲ. ನಮೂನೆ 18 ತುಂಬಬೇಕು, ಡಿಗ್ರಿ ಮುಗಿಸಿ ಮೂರು ವರ್ಷ ಆಗಿರಬೇಕು. ನನಗೆ ಶಿಕ್ಷಕರ ಕ್ಷೇತ್ರವೂ ಇತ್ತು, ಹಾಗಾಗಿ ಎರಡೂ ಕಡೆ ವೋಟು ಹಾಕಿ ಮೆರೆದಿದ್ದೇನೆ. ಡಿಗ್ರಿ ಸರ್ಟಿಫಿಕೇಟನ್ನು ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದವರಲ್ಲಿ ಎಷ್ಟು ಮಂದಿ ಈ ನಮೂನೆ ತುಂಬಿದ್ದಾರೆ ನಿಮ್ಮ ಕಟ್ಟೆಯಲ್ಲಿ?

ನಾಳೆ ಬೆಳಗ್ಗೆ ಉಕ್ರೇನ್‌ಗೆ ಒಂದು ದಿನ ರಜೆ ಕೊಟ್ಟು ಈ ಪ್ರಶ್ನೆಗಳನ್ನು ಇಡಿ. ನೀವು ಕೂತಿರುವ ಪಾರ್ಕು ಐದು ಪಾಲಿಕೆಗಳಲ್ಲಿ ಯಾವುದಕ್ಕೆ ಸೇರಿದೆ? ನಿಮ್ಮ ಹೊಸ ವಾರ್ಡಿನ ಹೆಸರೇನು? ಶಾಸಕರಿಗೆ ಕ್ಷೇತ್ರದ ಕೆಲಸಕ್ಕೆಂದು ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರಿಗೆ 5 ಕೋಟಿ ರೂಪಾಯಿ ನಿಧಿ ಇರುತ್ತದಲ್ಲ, ಅದರಲ್ಲಿ ಹೋದ ವರ್ಷ ಬಸವನಗುಡಿಗೆ ಏನು ಬಂತು? ಕೊನೆಯದಕ್ಕೆ ಉತ್ತರ ಯಾರಿಗೂ ಗೊತ್ತಿರುವುದಿಲ್ಲ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮ ಗುಂಪಿನಲ್ಲಿ ನಿವೃತ್ತ ಸೆಕ್ಷನ್ ಆಫೀಸರ್ ಒಬ್ಬರಾದರೂ ಇದ್ದೇ ಇರುತ್ತಾರೆ, ಅರ್ಜಿ ಅವರ ಕೈಲಿ ಬರೆಸಿ. ಬಂದ ಉತ್ತರದ ನಕಲು ನನಗೊಂದು ಕಳಿಸಿ, ಈ ಪುಟದಲ್ಲೇ ಹಾಕುತ್ತೇನೆ. ಉಳಿದ ಎರಡು ಪ್ರಶ್ನೆಗೆ ಫೋನ್ ತೆಗೆದು ನೋಡುವಂತಿಲ್ಲ. ಪಾರ್ಕಿನ ಮಾಲಿಯನ್ನು ಕೇಳಬಹುದು.